ಎರಡು ಇಮಾಮರ ನಡುವಿನ ಸೇತುವೆ

ಹೋದ ತಿಂಗಳು ಹುಬ್ಬಳ್ಳೀಲಿ ಒಂದು ಕಾಲೇಜಿನ ಹಾಲ್‌ನಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಮಾತು ಹೇಗೆ ಬಂತೋ ಹೆಚ್ಚುಕಮ್ಮಿ ಹಾಗೇ ಇದೆ, ಅಲ್ಲಿ ನೆನಪಾಗದೆ ಬಿಟ್ಟಿದ್ದ ಕೆಲವು ಇಸವಿಗಳನ್ನ ಸೇರಿಸಿದೀನಿ ಅಷ್ಟೇ.

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಮ್.

ನಾನು ಹುಟ್ಟಿ ಬೆಳೆದಿದ್ದು ವಿಜಯಪುರ, ಬ್ಯಾಂಕ್ ನೌಕರಿ ಅಂತ ಹೋಗಿದ್ದು ಮಂಗಳೂರು, ಆಮೇಲೆ ಭಟ್ಕಳ, ಎರಡೂ ಸೇರಿ ಹನ್ನೊಂದು ವರ್ಷ. ಮಂಗಳೂರಿಗೆ ಹೋದ ಮೊದಲನೇ ವರ್ಷ ರಮ್ಜಾನ್ ಮುಗಿದು ಬೆಳಗ್ಗೆ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಈದ್ ಮುಬಾರಕ್ ಅಂದೆ. ಆಕಿ ಗಾಬರಿಯಾಗಿ, ಯಾಕೋ ತಮ್ಮಾ, ರೋಜಾ ಬಿಟ್ಟೇನು, ನಮ್ಮದಿನ್ನಾ ಇವತ್ತೊಂದು ಐತಲ್ಲೋ ಅಂದ್ಳು. ಒಂದೇ ರಾಜ್ಯ, ಎರಡೂ ಕಡೆ ಸುನ್ನಿಗಳೇ, ಹಬ್ಬ ಮಾತ್ರ ಎರಡು ದಿನ. ಕರಾವಳಿಯವರು ಕೇರಳದ ಕಡೆ ಚಂದ್ರ ಕಂಡಿದ್ದು ಖಾತ್ರಿ ಆದ್ರೆ ಹಬ್ಬ ಮಾಡ್ತಾರೆ, ಘಟ್ಟದ ಮೇಲಿನವರು ಬೆಂಗಳೂರಿಂದ ಸುದ್ದಿ ಬರೋವರೆಗೆ ಕಾಯ್ತಾರೆ. ಇನ್ನು ದಾವೂದಿ ಬೊಹ್ರಾಗಳದ್ದು ಲೆಕ್ಕದ ಕ್ಯಾಲೆಂಡರು, ಈಜಿಪ್ಟಿನ ಫಾತಿಮಿ ಖಲೀಫರ ಕಾಲದ ಪದ್ಧತಿ, ಅದರಲ್ಲಿ ರಮ್ಜಾನ್ ಯಾವಾಗ್ಲೂ 30 ದಿನ, ಚಂದ್ರ ಹುಡುಕೋ ಪ್ರಶ್ನೇನೇ ಇಲ್ಲ, ಅವರು ಸಾಮಾನ್ಯವಾಗಿ ನಮಗಿಂತ ಒಂದೆರಡು ದಿನ ಮುಂಚೇನೇ ಹಬ್ಬ ಮುಗಿಸಿರ್ತಾರೆ.

ನನಗೆ ಎರಡು ಥರದ ಜನ ಸಿಗ್ತಾರೆ. ಮುಸ್ಲಿಮೇತರ ಗೆಳೆಯರು, ನಿಮ್ಮಲ್ಲೂ ಜಾತಿ ಇದಾವಲ್ಲಾ, ಶಿಯಾ ಸುನ್ನಿ ಅಂತ ಹೊಡೆದಾಡ್ತೀರಲ್ಲಾ ಅಂತಾರೆ. ನಮ್ಮವರೇ ಕೆಲವರು, ಛೇ ಛೇ ನಮ್ಮಲ್ಲಿ ಭೇದಾನೇ ಇಲ್ಲ, ದೇವರೊಬ್ಬ, ಪ್ರವಾದಿ ಒಬ್ಬರು, ಕುರ್‌ಆನ್ ಒಂದು, ನಮಾಜಿಗೆ ಮುಖ ಮಾಡೋ ದಿಕ್ಕು ಕಿಬ್ಲಾ ಒಂದು, ಮುಗೀತು ಅಂತಾರೆ. ಎರಡನೇ ಮಾತಲ್ಲಿ ಹೇಳಿದ್ದೆಲ್ಲಾ ಸತ್ಯಾನೇ, ಆದ್ರೆ ಮುಗೀತು ಅನ್ನೋದಿದೆಯಲ್ಲ, ಅದು ಸತ್ಯ ಅಲ್ಲ. ಭೇದ ಇದೆ, 1400 ವರ್ಷದಿಂದ ಇದೆ, ಅದನ್ನ ಕಂಬಳಿ ಹೊದಿಸಿ ಮುಚ್ಚಿಟ್ಟು ಐಕ್ಯತೆ ಅಂತ ಭಾಷಣ ಮಾಡಿದ್ರೆ ಕಂಬಳಿ ಸರಿದ ದಿನ ಜಗಳ ಆಗುತ್ತೆ. ಇವತ್ತು ನಾನು ಭೇದದ ಬಗ್ಗೇನೇ ಮಾತಾಡೋಕೆ ಬಂದಿರೋದು, ಆ ಭೇದಾನೇ ನಮಗೆ ಎಷ್ಟೋ ಸಲ ದಾರಿ ತೋರಿಸಿದೆ ಅಂತ ಹೇಳೋಕೆ.

ಮೊದಲು ಬೇರು. ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ಮದೀನಾದಲ್ಲಿ ತೀರ್ಕೊಂಡ್ರು. ಮನೆಯವರು, ಅಂದ್ರೆ ಅಳಿಯ ಅಲಿ ಮತ್ತೆ ಹತ್ತಿರದವರು ದಫನ್ ತಯಾರೀಲಿ ಇದ್ದಾಗ ಸಕೀಫಾ ಅನ್ನೋ ಚಪ್ಪರದ ಕೆಳಗೆ ಸೇರಿದ ಪ್ರಮುಖರು ಅಬೂಬಕರ್ ಅವರನ್ನ ಖಲೀಫಾ, ಅಂದ್ರೆ ಪ್ರವಾದಿಯವರ ನಂತರದ ನಾಯಕ ಅಂತ ಆರಿಸಿದ್ರು. ಸುನ್ನಿಗಳು ಹೇಳೋದು, ಸಮುದಾಯ ಸೇರಿ ಆರಿಸ್ತು, ಅದು ಸರಿ ಅಂತ. ಶಿಯಾಗಳು ಹೇಳೋದು, ಆರಿಸೋ ಪ್ರಶ್ನೇನೇ ಇರಲಿಲ್ಲ, ಕೊನೇ ಹಜ್ ಮುಗಿಸಿ ವಾಪಸ್ ಬರ್ತಾ ಗದೀರ್ ಖುಮ್ ಅನ್ನೋ ಜಾಗದಲ್ಲಿ ಪ್ರವಾದಿಯವರು ಅಲಿಯವರ ಕೈ ಹಿಡಿದೆತ್ತಿ, ನಾನು ಯಾರಿಗೆ ಮೌಲಾನೋ ಅಲಿ ಅವರಿಗೆ ಮೌಲಾ ಅಂತ ಹೇಳಿಯಾಗಿತ್ತು ಅಂತ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಈ ಮಾತು ಸುನ್ನಿಗಳ ಹದೀಸ್, ಅಂದ್ರೆ ಪ್ರವಾದಿಯವರ ನುಡಿ ನಡೆಗಳ ಗ್ರಂಥಗಳಲ್ಲೂ ಇದೆ, ಹೇಳೇ ಇಲ್ಲ ಅಂತ ವಾದ ಮಾಡೋರು ತೀರಾ ಕಮ್ಮಿ. ಜಗಳ ಇರೋದು ಮೌಲಾ ಅನ್ನೋ ಒಂದು ಪದದ ಅರ್ಥದಲ್ಲಿ, ಒಡೆಯ ಅಂತಾನಾ, ಆಪ್ತ ಅಂತಾನಾ. ನಮ್ಮ ಕಡೆ ಹಳ್ಳಿ ಹಳ್ಳೀಲಿ ಮೌಲಾಲಿ ಅಂತ ಹೆಸರಿರುತ್ತೆ ನೋಡಿ, ಮೌಲಾ ಅಲಿ ಅನ್ನೋದೇ ಮೌಲಾಲಿ, ಅವರೆಲ್ಲಾ ಸುನ್ನಿಗಳು! ಶಿಯಾ ವಾದದ ಮೂಲ ಪದಾನೇ ಸುನ್ನಿ ಮಗುವಿನ ಹೆಸರಾಗಿ ನಮ್ಮ ಬಾಗಲಕೋಟೆ ರಾಯಚೂರು ಕಡೆ ಓಡಾಡ್ತಿದೆ.

ಆಮೇಲಿಂದು ನಿಮಗೆ ಗೊತ್ತಿರೋದೇ. ಅಬೂಬಕರ್, ಉಮರ್, ಉಸ್ಮಾನ್, ನಾಲ್ಕನೆಯವರಾಗಿ ಅಲಿ, ಆ ನಾಲ್ವರಲ್ಲಿ ಮೂವರು ಕೊಲೆಯಾದ್ರು. ಅಲಿಯವರ ಕಾಲದಲ್ಲಿ 657ರಲ್ಲಿ ಸಿಫ್ಫೀನ್ ಯುದ್ಧ, ಅಲ್ಲಿ ರಾಜಿ ಪಂಚಾಯ್ತಿ ಒಪ್ಪಿದ್ದೇ ತಪ್ಪು ಅಂತ ಸಿಟ್ಟಾಗಿ ಅವರದೇ ಸೈನ್ಯದಿಂದ ಹೊರಗೆ ಹೋದವರು ಖವಾರಿಜ್‌ಗಳು, ಅವರಲ್ಲೊಬ್ಬ 661ರಲ್ಲಿ ಕೂಫಾದಲ್ಲಿ ಅಲಿಯವರನ್ನ ಕೊಂದ. ಇವತ್ತು ಒಮಾನ್‌ನಲ್ಲಿರೋ ಇಬಾದಿ ಪಂಥದವರ ಬೇರು ದೂರದಲ್ಲಿ ಆ ಕಾಲಕ್ಕೆ ಹೋಗುತ್ತೆ, ಆದ್ರೆ ಅವರು ಶಾಂತ ಜನ, ಖವಾರಿಜ್ ಅಂದ್ರೆ ಅವರಿಗೆ ನೋವಾಗುತ್ತೆ, ಮಸ್ಕತ್‌ನಲ್ಲಿ ಕೆಲಸ ಮಾಡಿ ಬಂದ ನಮ್ಮ ಕರಾವಳಿಯವರಿಗೆ ಕೇಳಿ, ಒಂದೇ ಮಸೀದೀಲಿ ಇಬಾದಿ, ಸುನ್ನಿ ಪಕ್ಕಪಕ್ಕ ನಿಂತು ನಮಾಜು ಮಾಡಿರ್ತಾರೆ.

680ನೇ ಇಸವಿ ಅಕ್ಟೋಬರ್ 10, ಹಿಜರಿ ಲೆಕ್ಕದಲ್ಲಿ 61ರ ಮೊಹರಂ 10, ಕರ್ಬಲಾ. ಪ್ರವಾದಿಯವರ ಮೊಮ್ಮಗ ಹುಸೇನರು, ಜೊತೆಗಿದ್ದ ಎಪ್ಪತ್ತೆರಡು ಜನ ಅಂತ ಪರಂಪರೆ ಹೇಳುತ್ತೆ, ಯಜೀದನ ಸೈನ್ಯದ ಕೈಯಲ್ಲಿ ನೀರಿಲ್ಲದೆ ಸತ್ತರು. ಇದನ್ನ ಶಿಯಾ ದುಃಖ ಅಂತ ಬರೀತಾರೆ, ಅದು ತಪ್ಪು ಅಂತ ಹೇಳೋಕೆ ನಮ್ಮ ಉತ್ತರ ಕರ್ನಾಟಕ ಒಂದೇ ಸಾಕು. ಮುದಗಲ್ಲಿನ ಮೊಹರಂ ನೋಡಿದೀರಿ, ಬೆಂಕಿಯ ಅಲಾಯಿ ಕುಣಿ, ಹಸ್ತದ ಆಕಾರದ ಪಂಜಾ, ಕತ್ತಲ ರಾತ್ರಿ, ಹೆಜ್ಜೆ ಮೇಳ, ರಿವಾಯತ್ ಪದ ಹಾಡೋರು, ಕೈಗೆ ಲಾಡಿ ಕಟ್ಕೊಂಡು ಫಕೀರರಾಗೋರು, ಚೊಂಗೆ ಮಾಡಿ ಹಂಚೋ ಮನೆಗಳು. ಅವರಲ್ಲಿ ಶಿಯಾಗಳು ಎಷ್ಟು ಜನ? ಹೆಚ್ಚಿನವರು ಸುನ್ನಿಗಳು, ಲಿಂಗಾಯತರು, ಕುರುಬರು, ವಾಲ್ಮೀಕಿಗಳು. ಸವದತ್ತಿ ತಾಲೂಕಿನ ಹಿರೇಬಿದನೂರಲ್ಲಿ ಮುಸ್ಲಿಮರ ಮನೇನೇ ಇಲ್ಲ, ಮೊಹರಂ ಇದೆ. ಹುಸೇನಪ್ಪ ಅಂತ ಹಿಂದೂಗಳ ಹೆಸರಿದೆ. ಯಜೀದ್ ಅಂತ ನಮ್ಮೂರ ಕಡೆ ಯಾವ ಸುನ್ನಿ ತಂದೆನೂ ಮಗನಿಗೆ ಹೆಸರಿಟ್ಟಿದ್ದು ನಾನು ಕಂಡಿಲ್ಲ. ನಮ್ಮಲ್ಲೇ ಕೆಲವರು ಈ ಆಚರಣೆ ತಪ್ಪು ಅಂತಾರೆ, ಅದು ಅವರ ಅಭಿಪ್ರಾಯ, ಹೇಳಲಿ, ಆದ್ರೆ ಹುಸೇನರ ಬಗ್ಗೆ ಅವರ ಪ್ರೀತಿ ಕಮ್ಮಿ ಅಂತ ನಾನು ಯಾವತ್ತೂ ಹೇಳಲ್ಲ.

ಸರಿ, ದಿನನಿತ್ಯದ ವ್ಯತ್ಯಾಸಕ್ಕೆ ಬರೋಣ, ಯಾಕಂದ್ರೆ ಜನ ಹೊಡೆದಾಡೋದು 632ರ ವಿಷಯಕ್ಕಿಂತ ಹೆಚ್ಚಾಗಿ ಕೈ ಎಲ್ಲಿ ಕಟ್ಟಬೇಕು ಅನ್ನೋದಕ್ಕೆ. ಸುನ್ನಿಗಳಲ್ಲಿ ನಾಲ್ಕು ಮಜ್ಹಬ್, ಅಂದ್ರೆ ಧರ್ಮಶಾಸ್ತ್ರದ ಪಂಥ, ಕರಾವಳಿಯವರು ಮದ್ಹಬ್ ಅಂತಾರೆ. ಕೂಫಾದ ಅಬೂ ಹನೀಫಾ, ಮದೀನಾದ ಮಾಲಿಕ್, ಗಾಜಾದಲ್ಲಿ ಹುಟ್ಟಿದ ಶಾಫಿ, ಬಗ್ದಾದಿನ ಅಹ್ಮದ್ ಬಿನ್ ಹಂಬಲ್. ಮಾಲಿಕ್ ಅವರ ಶಿಷ್ಯ ಶಾಫಿ, ಶಾಫಿಯವರ ಹತ್ತಿರ ಕಲಿತವರು ಅಹ್ಮದ್, ಗುರುವಿನ ಅಭಿಪ್ರಾಯ ಒಪ್ಪದೆ ತನ್ನದೇ ಹೇಳಿದ್ರೂ ಗುರುವಿನ ಮೇಲೆ ಗೌರವ ಕಮ್ಮಿ ಆಗಲಿಲ್ಲ. ಶಿಯಾಗಳ ಫಿಕ್ಹ್‌ಗೆ, ಅಂದ್ರೆ ಧರ್ಮಶಾಸ್ತ್ರಕ್ಕೆ, ಜಾಫರಿ ಅಂತ ಹೆಸರು, ಅಲಿಯವರ ವಂಶದ ಧಾರ್ಮಿಕ ನಾಯಕರಾದ ಇಮಾಮರಲ್ಲಿ ಆರನೆಯವರು, ಜಾಫರ್ ಸಾದಿಕ್ ಅವರಿಂದ ಬಂದಿದ್ದು, ಅವರ ಹತ್ತಿರ ಅಬೂ ಹನೀಫಾ, ಮಾಲಿಕ್ ಇಬ್ಬರೂ ಕಲಿತಿದ್ರು ಅಂತ ಸುನ್ನಿ ಪುಸ್ತಕಗಳೇ ಹೇಳ್ತವೆ.

ನಮ್ಮ ರಾಜ್ಯದಲ್ಲೇ ನೋಡಿ, ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ, ಘಟ್ಟದ ಮೇಲೆ ನಾವೆಲ್ಲಾ ಹೆಚ್ಚಾಗಿ ಹನಫಿ. ಅರಬ್ಬೀ ಸಮುದ್ರದ ಹಡಗಿನ ವ್ಯಾಪಾರದ ಜೊತೆ ಶಾಫಿ ಬಂತು, ಕೇರಳ, ಶ್ರೀಲಂಕಾ, ಇಂಡೋನೇಷ್ಯಾವರೆಗೂ ಅದೇ ಹೋಯ್ತು. ಮಧ್ಯ ಏಷ್ಯಾ, ದೆಹಲಿ ಅಂತ ನೆಲದ ಮೇಲೆ ಬಂದವರ ಜೊತೆ ಹನಫಿ ಬಂತು. ನಾನು ಮಂಗಳೂರಲ್ಲಿ ಮೊದಲನೇ ಸಲ ಸಹೋದ್ಯೋಗಿಯ ಮನೇಲಿ ಊಟಕ್ಕೆ ಕೂತಾಗ ಎಟ್ಟಿ ಅಂದ್ರೆ ಸಿಗಡಿ ಸುಕ್ಕಾ, ಜೊತೆಗೆ ಏಡಿ ಸಾರು. ನಮ್ಮಲ್ಲಿ ಸಮುದ್ರದ್ದು ಅಂದ್ರೆ ಮೀನು ಮಾತ್ರ ಹಲಾಲ್, ಏಡಿ ಇಲ್ಲ, ಸಿಗಡಿ ಮೀನಾ ಅಲ್ವಾ ಅಂತ ಹನಫಿ ಉಲಮಾಗಳಲ್ಲೇ, ಅಂದ್ರೆ ವಿದ್ವಾಂಸರಲ್ಲೇ, ಇವತ್ತಿಗೂ ಚರ್ಚೆ ಇದೆ. ಶಾಫಿಗಳಿಗೆ ಅಂಥ ತೊಂದ್ರೆ ಇಲ್ಲ. ಆ ಮನೆಯ ಅಜ್ಜಿ ನನ್ನ ಮುಖ ನೋಡಿ ಅರ್ಥ ಮಾಡ್ಕೊಂಡು ಏನೂ ಮಾತಾಡದೆ ಬಂಗುಡೆ ತಂದು ಬಡಿಸಿದ್ರು, ಮಕ್ಕಳಿಗೆ ಮಾತ್ರ, ಅವರದ್ದು ಹಂಗೇ, ನೀವು ತಿನ್ನಿ ಅಂದ್ರು. ಐಕ್ಯತೆ ಬಗ್ಗೆ ನಾನು ಕೇಳಿದ ಅತಿ ಚಿಕ್ಕ, ಅತಿ ಒಳ್ಳೇ ಮಾತು ಅದು.

ಶಿಯಾಗಳು ನಮಾಜಿನಲ್ಲಿ ಕೈ ಕೆಳಗೆ ಬಿಡ್ತಾರೆ ಅಂತ ನಮ್ಮಲ್ಲಿ ವಿಚಿತ್ರವಾಗಿ ನೋಡ್ತಾರೆ. ಮೊರಾಕ್ಕೋ, ಪಶ್ಚಿಮ ಆಫ್ರಿಕಾದ ಕೋಟ್ಯಂತರ ಮಾಲಿಕಿ ಸುನ್ನಿಗಳೂ ಕೈ ಕೆಳಗೇ ಬಿಡ್ತಾರೆ ರೀ. ಇದಕ್ಕೆ ಪ್ರವಾಸಿ ಇಬ್ನ್ ಬತೂತಾ ಹೇಳಿದ ಒಂದು ಪ್ರಸಂಗ ಇದೆ. ಆತ ಮೊರಾಕ್ಕೋದ ತಾಂಜೀರ್‌ನವರು, ಮಾಲಿಕಿ. 14ನೇ ಶತಮಾನದಲ್ಲಿ ಈಗಿನ ಟರ್ಕಿಯ ಸಿನೋಪ್ ಊರಿಗೆ ಹೋದಾಗ ಇವರು ಕೈ ಬಿಟ್ಟು ನಮಾಜು ಮಾಡೋದು ನೋಡಿ ಅಲ್ಲಿನ ಹನಫಿಗಳಿಗೆ ಅನುಮಾನ ಬಂತು, ಇವರು ಶಿಯಾಗಳೇ ಇರಬೇಕು ಅಂತ. ಪರೀಕ್ಷೆ ಮಾಡೋಕೆ ಒಂದು ಮೊಲ ಕಳಿಸಿದ್ರು, ಯಾಕಂದ್ರೆ ಶಿಯಾಗಳು ಮೊಲ ತಿನ್ನಲ್ಲ, ಜೊತೆಗೆ ನೋಡ್ಕೊಂಡು ಬಾ ಅಂತ ಒಬ್ಬ ಆಳನ್ನೂ ಕಳಿಸಿದ್ರು. ಇವರು ಮೊಲ ಕೊಯ್ದು ಬೇಯಿಸಿ ತಿಂದ್ರು, ಅನುಮಾನ ಹೋಯ್ತು, ಆಮೇಲೆ ಅತಿಥಿ ಸತ್ಕಾರ. ಅದೇ ಮನುಷ್ಯ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ರು, ಇಲ್ಲಿನ ಜನ ಶಾಫಿಗಳು, ಧರ್ಮಭೀರುಗಳು, ಹೆಣ್ಣುಮಕ್ಕಳು ಕುರ್‌ಆನ್ ಬಾಯಿಪಾಠ ಮಾಡಿದಾರೆ, ಹುಡುಗಿಯರಿಗೆ 13 ಶಾಲೆ ಇದಾವೆ ಹುಡುಗರಿಗೆ 23 ಅಂತ ಬರೆದಿದಾರೆ. ಆದ್ರೆ ಸಿನೋಪ್‌ನ ಆ ಮೊಲ ಇದೆಯಲ್ಲ, ಅದು ನನ್ನನ್ನ ಕಾಡುತ್ತೆ. ಏಳು ನೂರು ವರ್ಷ ಆಯ್ತು, ಇನ್ನೂ ಒಬ್ಬರ ಮನೆಗೆ ಒಬ್ಬರು ಮೊಲ ಕಳಿಸ್ತಾನೇ ಇದೀವಿ, ಯಾರು ಏನು ಅಂತ ಪರೀಕ್ಷೆ ಮಾಡೋಕೆ.

ಇನ್ನೊಂದೆರಡು ಹೇಳಿ ಮುಂದೆ ಹೋಗ್ತೀನಿ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋ ವುಜೂ ಮಾಡುವಾಗ ಸುನ್ನಿಗಳು ಪಾದ ತೊಳೀತಾರೆ, ಶಿಯಾಗಳು ಒದ್ದೆ ಕೈಯಿಂದ ಸವರ್ತಾರೆ. ಇಬ್ಬರೂ ತೋರಿಸೋದು ಕುರ್‌ಆನಿನ ಒಂದೇ ಆಯತ್ತು, ಐದನೇ ಅಧ್ಯಾಯದ ಆರನೇದು, ಅದರಲ್ಲಿ ಪಾದ ಅನ್ನೋ ಪದಕ್ಕೆ ಒಂದು ಸ್ವರ ಅಕಾರ ಓದ್ತೀರೋ ಇಕಾರ ಓದ್ತೀರೋ ಅನ್ನೋದರ ಮೇಲೆ ಅದು ತೊಳೆಯೋದಕ್ಕೆ ಸೇರುತ್ತೋ ಸವರೋದಕ್ಕೆ ಸೇರುತ್ತೋ ಅನ್ನೋ ವ್ಯಾಕರಣದ ಮಾತು, ಎರಡೂ ಓದು ಸುನ್ನಿಗಳ ಕಿರಾಅತ್, ಅಂದ್ರೆ ಕುರ್‌ಆನ್ ಓದೋ ಪರಂಪರೇಲೇ ಇದಾವೆ. ಶಿಯಾಗಳು ಮಧ್ಯಾಹ್ನದ ಜುಹರ್, ಇಳಿಹೊತ್ತಿನ ಅಸರ್ ಸೇರಿಸಿ, ಸಂಜೆಯ ಮಗ್ರಿಬ್, ರಾತ್ರಿಯ ಇಷಾ ಸೇರಿಸಿ ಮಾಡ್ತಾರೆ, ಅದಕ್ಕೇ ಮೂರೇ ಹೊತ್ತು ನಮಾಜು ಅಂತ ತಪ್ಪು ತಿಳ್ಕೋತಾರೆ, ಐದೇ ಮಾಡೋದು. ಹಜ್‌ಗೆ ಹೋದವರು ಇಲ್ಲಿ ಇದೀರಿ, ಅರಫಾ ಬಯಲಲ್ಲಿ ಜುಹರ್ ಅಸರ್, ಮುಜ್ದಲಿಫಾದಲ್ಲಿ ಮಗ್ರಿಬ್ ಇಷಾ ನಾವೂ ಸೇರಿಸಿಯೇ ಮಾಡ್ತೀವಲ್ಲಾ. ಹಾಗಂತ ಎಲ್ಲಾ ಭೇದಾನೂ ಇಷ್ಟೇ ಸಣ್ಣದು ಅಂತ ಹೇಳಿದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಇಮಾಮರು ದೇವರಿಂದ ನೇಮಕ ಆದವರು, ತಪ್ಪೇ ಮಾಡದವರು ಅಂತ ಶಿಯಾಗಳು ನಂಬೋದನ್ನ ಸುನ್ನಿಗಳು ಒಪ್ಪಲ್ಲ. ಮೊದಲ ಮೂವರು ಖಲೀಫರ ಬಗ್ಗೆ ಶಿಯಾಗಳ ಅಭಿಪ್ರಾಯ ಸುನ್ನಿಗಳಿಗೆ ಸಂಕಟ ಕೊಡುತ್ತೆ. ಇಂತಿಷ್ಟು ಕಾಲಕ್ಕೆ ಅಂತ ಮಾಡ್ಕೊಳ್ಳೋ ಮುತಾ ಮದುವೆ ವಿಷಯದಲ್ಲೂ ಇಬ್ಬರೂ ಸೇರೋಕೆ ಆಗಲ್ಲ. ಇವು ನಿಜವಾದ ಭೇದಗಳು, ಒಂದು ಸಭೆ ಮಾಡಿ ಟೀ ಕುಡಿದು ಪರಿಹರಿಸೋ ಥರದ್ದಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ, ಒಬ್ಬ ಹೆಂಗಸಿನಿಂದ ಶುರು ಮಾಡ್ತೀನಿ. ಗಂಡ ಹೇಳದೆ ಕೇಳದೆ ಎಲ್ಲೋ ಹೋಗಿಬಿಟ್ಟ, ಬದುಕಿದಾನೋ ಸತ್ತಿದಾನೋ ಗೊತ್ತಿಲ್ಲ. ಹನಫಿ ಪುಸ್ತಕಗಳ ಪ್ರಕಾರ ಆಕೆ ಅವನ ವಯಸ್ಸಿನವರೆಲ್ಲಾ ಸತ್ತಿರಬೇಕು ಅನ್ನೋವರೆಗೆ ಕಾಯಬೇಕು, ಅಂದ್ರೆ ಹೆಚ್ಚುಕಮ್ಮಿ ಜೀವನಪೂರ್ತಿ. ಬ್ರಿಟಿಷರ ಕಾಲದ ಭಾರತದಲ್ಲಿ ಇದು ದೊಡ್ಡ ಸಂಕಟ ಆಯ್ತು, ಪಂಜಾಬಿನಲ್ಲಿ ಹೆಣ್ಣುಮಕ್ಕಳು ಮದುವೆಯಿಂದ ಬಿಡಿಸಿಕೊಳ್ಳೋಕೆ ಬೇರೆ ದಾರಿ ಕಾಣದೆ ಧರ್ಮಾನೇ ಬಿಟ್ರು, ಯಾಕಂದ್ರೆ ಆಗ ಧರ್ಮ ಬಿಟ್ರೆ ಮದುವೆ ಮುರೀತಿತ್ತು. ಆಗ ದೇವಬಂದಿನ ದೊಡ್ಡ ಆಲಿಂ, ಕಟ್ಟಾ ಹನಫಿ, ಅಶ್ರಫ್ ಅಲಿ ಥಾನವಿ ಏನು ಮಾಡಿದ್ರು ಅಂದ್ರೆ ಅರಬ್ ದೇಶದ ಮಾಲಿಕಿ ಉಲಮಾಗಳಿಗೆ ಪತ್ರ ಬರೆದು ನಿಮ್ಮ ಮಜ್ಹಬ್ ಏನು ಹೇಳುತ್ತೆ ಅಂತ ಕೇಳಿದ್ರು. ಮಾಲಿಕಿಗಳಲ್ಲಿ ಕಾಣೆಯಾದ ಗಂಡನಿಗೆ ನಾಲ್ಕು ವರ್ಷ ಕಾಯೋದು. 1930ರ ದಶಕದ ಶುರುವಿನಲ್ಲಿ ಅವರು ಅದನ್ನೇ ಎತ್ಕೊಂಡು, ಹನಫಿಗಳು ಈ ವಿಷಯದಲ್ಲಿ ಮಾಲಿಕಿ ದಾರಿ ಹಿಡೀಬಹುದು ಅಂತ ಬರೆದ್ರು, 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಬಂದಿದ್ದು ಆ ದಾರೀಲೇ, ಅದರ ಮೊದಲನೇ ಕಾರಣಾನೇ ನಾಲ್ಕು ವರ್ಷ ಗಂಡನ ಸುದ್ದಿ ಇಲ್ಲದಿರೋದು. ಯೋಚನೆ ಮಾಡಿ, ಎಲ್ಲರೂ ಹನಫಿಗಳೇ ಆಗಿದ್ದಿದ್ರೆ, ಭೇದ ಅನ್ನೋದೇ ಇಲ್ಲದಿದ್ರೆ, ಆ ಹೆಂಗಸಿಗೆ ಎಲ್ಲಿಂದ ದಾರಿ ಸಿಗ್ತಿತ್ತು?

ಇದಕ್ಕೇ ನನಗೆ ತ್ರಿವಳಿ ತಲಾಖ್ ವಿಷಯದಲ್ಲಿ ಇವತ್ತಿಗೂ ಸಂಕಟ. ಒಂದೇ ಉಸಿರಲ್ಲಿ ಮೂರು ಸಲ ಹೇಳಿದ್ರೆ ಮುಗೀತು ಅನ್ನೋದನ್ನ ಶಿಯಾಗಳು ಒಪ್ಪಲ್ಲ, ಅವರಲ್ಲಿ ತಲಾಖ್‌ಗೆ ಇಬ್ಬರು ಸಾಕ್ಷಿ ಬೇಕೇ ಬೇಕು. ಯಾವ ಮಜ್ಹಬ್ಬನ್ನೂ ಹಿಡಿಯದ ಸುನ್ನಿಗಳು, ಅಹ್ಲೆ ಹದೀಸ್‌ನವರು, ಅದನ್ನ ಒಂದೇ ತಲಾಖ್ ಅಂತ ಎಣಿಸ್ತಾರೆ. ಈಜಿಪ್ಟ್ 1929ರಲ್ಲೇ ಕಾನೂನು ಮಾಡಿ ಒಂದು ಅಂತ ಎಣಿಸ್ತು. ನಾವು ಹನಫಿಗಳು ಪಕ್ಕದ ಮನೆಯವರ ಹತ್ತಿರ ಇದ್ದ ಔಷಧಿ ತಗೊಳ್ಳೋಕೆ ನಾಚ್ಕೊಂಡು ಕೂತ್ವಿ, ಥಾನವಿ ತೋರಿಸಿದ ದಾರಿ ಕಣ್ಣೆದುರಿಗೇ ಇತ್ತು, ಆದ್ರೂ ಕೂತ್ವಿ, ಕೊನೆಗೆ 2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟ್ ಅದು ನಡೆಯಲ್ಲ ಅಂತ ಹೇಳಬೇಕಾಯ್ತು. ಅಷ್ಟರೊಳಗೆ ಎಷ್ಟು ಹೆಣ್ಣುಮಕ್ಕಳ ಬಾಳು ಹೋಯ್ತು. ಇದನ್ನ ನಮ್ಮ ತಪ್ಪು ಅಂತಾನೇ ನಾನು ಹೇಳ್ತೀನಿ.

ಹಾಗಾದ್ರೆ ಭೇದ ರಕ್ತ ಆಗೋದು ಯಾವಾಗ? ಖಲೀಫಾ ಮನ್ಸೂರ್ ಕಥೆ ಕೇಳಿ. 762ರಲ್ಲಿ ಬಗ್ದಾದ್ ಕಟ್ಟಿಸಿದ ಅಬ್ಬಾಸಿ ಖಲೀಫಾ. ಈತ ಅಬೂ ಹನೀಫಾ ಅವರನ್ನ ಕಾಜಿ ಆಗು ಅಂತ ಒತ್ತಾಯ ಮಾಡಿದ, ಅವರು ಒಲ್ಲೆ ಅಂದ್ರು, ಜೈಲಿಗೆ ಹಾಕಿದ, 767ರಲ್ಲಿ ಅಲ್ಲೇ ತೀರ್ಕೊಂಡ್ರು ಅಂತ ಪರಂಪರೆ. ಅವನ ಆಳ್ವಿಕೇಲೇ ಮದೀನಾದ ಗವರ್ನರು ಇಮಾಮ್ ಮಾಲಿಕ್ ಅವರಿಗೆ ಚಾಟಿ ಏಟು ಹಾಕಿಸಿದ. ಅವನ ಕಾಲದಲ್ಲೇ 765ರಲ್ಲಿ ಜಾಫರ್ ಸಾದಿಕ್ ತೀರ್ಕೊಂಡ್ರು, ವಿಷ ಹಾಕಿಸಿದ್ದು ಅವನೇ ಅಂತ ಶಿಯಾಗಳು ನಂಬ್ತಾರೆ. ಹನಫಿಗಳ ಇಮಾಮ್, ಮಾಲಿಕಿಗಳ ಇಮಾಮ್, ಶಿಯಾಗಳ ಇಮಾಮ್, ಮೂವರನ್ನೂ ಹಿಂಸೆ ಮಾಡಿದ್ದು ಒಂದೇ ಸಿಂಹಾಸನ. ಆಮೇಲೆ ಅದೇ ಮನ್ಸೂರ್ ಮಾಲಿಕ್ ಅವರ ಹತ್ತಿರ ಬಂದು, ನಿಮ್ಮ ಗ್ರಂಥಾನ ಪ್ರತಿ ಮಾಡಿಸಿ ಎಲ್ಲಾ ಪ್ರಾಂತ್ಯಕ್ಕೂ ಕಳಿಸ್ತೀನಿ, ಎಲ್ಲರೂ ಅದನ್ನೇ ಪಾಲಿಸಲಿ ಅಂದನಂತೆ. ಮಾಲಿಕ್ ಬೇಡ ಅಂದ್ರು. ಪ್ರವಾದಿಯವರ ಸಂಗಾತಿಗಳು ಬೇರೆ ಬೇರೆ ಊರಿಗೆ ಹೋಗಿ ನೆಲೆಸಿದ್ರು, ಒಂದೊಂದು ಊರಿಗೂ ಒಂದೊಂದು ತಿಳಿವಳಿಕೆ ಮುಟ್ಟಿದೆ, ಜನರನ್ನ ಅವರ ಪಾಡಿಗೆ ಬಿಡಿ ಅನ್ನೋ ಅರ್ಥದ ಮಾತು ಹೇಳಿದ್ರು ಅಂತ ಬರೆದಿದಾರೆ. ತನ್ನದೇ ಪುಸ್ತಕ ಇಡೀ ಸಾಮ್ರಾಜ್ಯಕ್ಕೆ ಕಾನೂನು ಆಗೋದನ್ನ ಬೇಡ ಅಂದ ಮನುಷ್ಯ!

ನಮ್ಮ ವಿಜಯಪುರದಲ್ಲೂ ಇದೇ. ಯೂಸುಫ್ ಆದಿಲ್ ಶಾಹ 1500ರ ದಶಕದ ಶುರುವಿನಲ್ಲಿ ಶುಕ್ರವಾರದ ಪ್ರವಚನ, ಅಂದ್ರೆ ಖುತ್ಬಾನ, ಶಿಯಾ ರೀತೀಲಿ ಓದಿಸಿದ, ಆದ್ರೆ ಖಲೀಫರನ್ನ ಯಾರೂ ಬೈಯೋ ಹಾಗಿಲ್ಲ, ಸುನ್ನಿ ಸರದಾರರು ಅವರ ಕೇರೀಲಿ ಅವರ ರೀತಿಯ ಅಜಾನ್ ಹೇಳ್ಕೊಳ್ಳಲಿ ಅಂತ ಬಿಟ್ಟಿದ್ದ ಅಂತ ವಿಜಯಪುರದಲ್ಲೇ ಕೂತು ಬರೆದ ಫೆರಿಷ್ತಾ ಹೇಳ್ತಾನೆ. 1534ರಲ್ಲಿ ಬಂದ ಮೊದಲನೇ ಇಬ್ರಾಹಿಂ ಸುನ್ನಿ ಮಾಡಿದ, ಜೊತೆಗೆ ಇರಾನಿಂದ ಬಂದ ಆಫಾಕಿಗಳನ್ನ ನೌಕರಿಯಿಂದ ತೆಗೆದು ಇಲ್ಲಿನವರಾದ ದಖನಿಗಳಿಗೆ ಕೊಟ್ಟ. 1558ರಲ್ಲಿ ಮೊದಲನೇ ಅಲಿ ಮತ್ತೆ ಶಿಯಾ ಮಾಡಿದ, ಇರಾನಿಗಳು ವಾಪಸ್. ಎರಡನೇ ಇಬ್ರಾಹಿಂ ಕಾಲಕ್ಕೆ ಮತ್ತೆ ಸುನ್ನಿ. ಸೂಕ್ಷ್ಮವಾಗಿ ನೋಡಿ, ಪ್ರತೀ ಸಲ ಖುತ್ಬಾ ಬದಲಾದಾಗ ಯಾರ್ಯಾರಿಗೆ ಕೆಲಸ, ಯಾರ್ಯಾರಿಗೆ ಜಹಗೀರು ಅನ್ನೋದೂ ಬದಲಾಯ್ತು. ಕೇರಿಯ ಜನ ಅಷ್ಟು ಬೇಗ ಬದಲಾಗಿರ್ತಾರಾ? ನಮ್ಮಜ್ಜಿಯ ಅಜ್ಜಿ ಯಾವತ್ತಿದ್ರೂ ಪಂಜಾಕ್ಕೆ ಊದು ಹಾಕಿರ್ತಾಳೆ ಅಷ್ಟೇ.

ಬಗ್ದಾದಿಗೆ ವಾಪಸ್ ಹೋಗೋಣ, ಇದನ್ನ ಹೇಳೋಕೇ ನಾನು ಇಷ್ಟು ದೂರ ಬಂದಿದ್ದು. ಟೈಗ್ರಿಸ್ ನದಿಯ ಒಂದು ದಡದಲ್ಲಿ ಆಜಮಿಯಾ, ಅಲ್ಲಿ ಅಬೂ ಹನೀಫಾ ಅವರ ಗೋರಿ ಮತ್ತೆ ಮಸೀದಿ, ಸುನ್ನಿಗಳ ಕೇರಿ. ಆಚೆ ದಡದಲ್ಲಿ ಕಾಜಿಮಿಯಾ, ಅಲ್ಲಿ ಶಿಯಾಗಳ ಏಳನೇ ಇಮಾಮ್ ಮೂಸಾ ಕಾಜಿಮ್ ಅವರ ದರ್ಗಾ, ಜಾಫರ್ ಸಾದಿಕ್ ಅವರ ಮಗ, 799ರಲ್ಲಿ ಖಲೀಫಾ ಹಾರೂನ್ ರಶೀದನ ಜೈಲಿನಲ್ಲಿ ತೀರ್ಕೊಂಡವರು. ಎರಡೂ ದಡದ ಇಮಾಮರು ಅಬ್ಬಾಸಿ ಖಲೀಫರ ಜೈಲಿನಲ್ಲೇ ಸತ್ತವರು. ಎರಡನ್ನೂ ಸೇರಿಸೋ ಸೇತುವೆಗೆ ಇಮಾಮರ ಸೇತುವೆ ಅಂತಾನೇ ಹೆಸರು.

2005ರ ಆಗಸ್ಟ್ 31. ಮೂಸಾ ಕಾಜಿಮ್ ಅವರ ಪುಣ್ಯತಿಥಿ, ಲಕ್ಷಗಟ್ಟಲೆ ಶಿಯಾ ಯಾತ್ರಿಕರು. ಸೇತುವೆ ಮೇಲೆ ಯಾರೋ ಆತ್ಮಾಹುತಿ ಬಾಂಬ್ ಇದೆ ಅಂತ ಗುಲ್ಲು ಎಬ್ಬಿಸಿದ್ರು, ಕಾಲ್ತುಳಿತ ಆಯ್ತು, ತಡೆಗೋಡೆ ಮುರಿದು ಜನ ನೀರಿಗೆ ಬಿದ್ರು, ಸುಮಾರು ಸಾವಿರ ಜನ ಸತ್ತರು, ಹೆಚ್ಚಿನವರು ಹೆಂಗಸರು ಮಕ್ಕಳು. ಆಗ ಆಜಮಿಯಾದ ಸುನ್ನಿ ಹುಡುಗರು ನದಿಗೆ ಹಾರಿದ್ರು. ಅವರಲ್ಲೊಬ್ಬ ಉಸ್ಮಾನ್ ಅಲ್ ಉಬೈದಿ, ಒಬ್ಬೊಬ್ಬರನ್ನೇ ಎಳೆದು ದಡಕ್ಕೆ ತಂದ, ಹಲವರನ್ನ ಉಳಿಸಿದ, ಸುಸ್ತಾಗಿ ಹೋಗಿದ್ರೂ ಮತ್ತೆ ಹಾರಿದ, ಆ ಕೊನೇ ಸಲ ಅವನೇ ಮುಳುಗಿಹೋದ. ಅವನ ಹೆಸರು ಉಸ್ಮಾನ್, ಮೂರನೇ ಖಲೀಫರ ಹೆಸರು, ಆ ದಿನಗಳಲ್ಲಿ ಇರಾಕಿನಲ್ಲಿ ಹೆಸರು ಕೇಳಿ ಗುಂಡು ಹೊಡೀತಿದ್ರು ಅನ್ನೋದನ್ನ ನೆನಪಿಟ್ಕೊಂಡು ಈ ಹೆಸರನ್ನ ಇನ್ನೊಂದು ಸಲ ಕೇಳಿ. ಮುಂದಿನ ವರ್ಷ ಫೆಬ್ರವರಿ 22ಕ್ಕೆ ಸಮರ್ರಾದಲ್ಲಿರೋ ಶಿಯಾಗಳ ಅಸ್ಕರಿ ದರ್ಗಾಕ್ಕೆ ಬಾಂಬ್ ಇಟ್ಟ ಮೇಲೆ ಬಗ್ದಾದ್ ಉರಿದುಹೋಯ್ತು, ಕೇರಿ ಕೇರಿ ನಡುವೆ ಗೋಡೆ ಎದ್ದವು. ಆ ಸೇತುವೆ ಮುಚ್ಚಿದ್ದು ಮೂರು ವರ್ಷ, 2008ರ ನವೆಂಬರ್‌ನಲ್ಲಿ ತೆರೆದಾಗ ಎರಡೂ ಕಡೆಯಿಂದ ಜನ ನಡೆದು ಬಂದು ಮಧ್ಯದಲ್ಲಿ ತಬ್ಬಿಕೊಂಡ್ರು.

ದೊಡ್ಡವರ ಮಟ್ಟದಲ್ಲಿ ಪ್ರಯತ್ನ ಆಗಿಲ್ಲ ಅಂತಲ್ಲ. 1959ರಲ್ಲಿ ಈಜಿಪ್ಟಿನ ಅಜ್ಹರ್ ವಿದ್ಯಾಪೀಠದ ಶೇಖ್ ಮಹಮೂದ್ ಶಲ್ತೂತ್ ಜಾಫರಿ ಫಿಕ್ಹ್ ಪ್ರಕಾರ ಆರಾಧನೆ ಮಾಡೋದು ಸರಿ ಅಂತ ಫತ್ವಾ ಕೊಟ್ರು. ಜೋರ್ಡನ್ ದೊರೆ 2004ರಲ್ಲಿ ಶುರು ಮಾಡಿದ ಅಮ್ಮಾನ್ ಸಂದೇಶದ ಮೇಲೆ 2005ರ ಜುಲೈನಲ್ಲಿ 50 ದೇಶಗಳ 200 ಉಲಮಾಗಳು ಸೇರಿ ಎಂಟು ಮಜ್ಹಬ್‌ಗಳ ಹೆಸರು ಬರೆದು, ಇವರಲ್ಲಿ ಯಾರನ್ನೂ ಕಾಫಿರ್ ಅನ್ನೋ ಹಾಗಿಲ್ಲ ಅಂದ್ರು, ನಾಲ್ಕು ಸುನ್ನಿ, ಜಾಫರಿ, ಜೈದಿ, ಇಬಾದಿ, ಜಾಹಿರಿ. 2010ರಲ್ಲಿ ಇರಾನಿನ ಆಗಿನ ಪರಮೋಚ್ಚ ನಾಯಕ ಖಾಮೆನೈ, ಸುನ್ನಿಗಳು ಪವಿತ್ರ ಅಂತ ನೋಡೋರನ್ನ, ಪ್ರವಾದಿಯವರ ಪತ್ನಿಯನ್ನ ಅವಮಾನ ಮಾಡೋದು ಹರಾಮ್ ಅಂದ್ರು. ಕುವೈತ್‌ನಲ್ಲಿ 2015ರ ಜೂನ್ 26ಕ್ಕೆ ಶಿಯಾ ಮಸೀದೀಲಿ ಬಾಂಬ್ ಸಿಡಿದು 27 ಜನ ಸತ್ತಾಗ ಮುಂದಿನ ಶುಕ್ರವಾರ ದೊಡ್ಡ ಮಸೀದೀಲಿ ಶಿಯಾ ಸುನ್ನಿ ಒಟ್ಟಿಗೆ ಜುಮಾ ಮಾಡಿದ್ರು.

ಆದ್ರೆ ಫತ್ವಾ ನಮ್ಮ ಗಲ್ಲಿಗೆ ಬಂದು ಮುಟ್ಟಿಲ್ಲ. ನಮ್ಮಲ್ಲಿ ಶಿಯಾಗಳು ಕಮ್ಮಿ, ಗೌರಿಬಿದನೂರು ಕಡೆಯ ಅಲೀಪುರ, ಬೆಂಗಳೂರಿನ ಜಾನ್ಸನ್ ಮಾರ್ಕೆಟ್ ಸುತ್ತಮುತ್ತ, ಹಾಗೆ. ಶೀರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ ಮೈಸೂರಿಗೆ ದಿವಾನರಾದಾಗ ಅವರು ಶಿಯಾನೋ ಸುನ್ನಿನೋ ಅಂತ ಯಾರು ಕೇಳಿದ್ರು? ನಮ್ಮ ಜಗಳ ಸುನ್ನಿ ಸುನ್ನಿ ನಡುವೆ. ದೇವಬಂದಿ, ಬರೇಲ್ವಿ, ಇಬ್ಬರೂ ಹನಫಿಗಳೇ, ನಮಾಜು ಒಂದೇ, ಫಿಕ್ಹ್ ಒಂದೇ, ಆದ್ರೆ ಕೆಲವು ಮಸೀದಿಗಳ ಬಾಗಿಲಲ್ಲಿ ಇಂಥ ಮಸ್ಲಕ್‌ನವರು, ಅಂದ್ರೆ ಪಂಗಡದವರು, ಒಳಗೆ ಬರಬಾರದು ಅಂತ ಬೋರ್ಡು. ನಮ್ಮ ಮನೇದೇ ಹೇಳ್ತೀನಿ, ನನ್ನ ತಂಗಿಯ ಮಗಳ ನಿಕಾಹ್ ಗೊತ್ತಾಗಿತ್ತು, ಕಾರ್ಡು ಅಚ್ಚಾಗಿತ್ತು, ಹುಡುಗನ ಕಡೆಯವರಿಗೆ ಯಾರೋ ಹೇಳಿದ್ರು ಇವರ ಮನೇಲಿ ತೀರ್ಕೊಂಡವರ ಹೆಸರಲ್ಲಿ ಫಾತಿಹಾ ಓದಿಸ್ತಾರೆ ಅಂತ, ಮದುವೆ ನಿಂತುಹೋಯ್ತು. ಆ ಹುಡುಗಿ ಒಂದು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಮನ್ಸೂರ್ ಖಲೀಫಾ ಈಗ ಅರಮನೇಲಿಲ್ಲ ರೀ, ನಮ್ಮ ಕಮಿಟಿಗಳಲ್ಲಿ ಕೂತಿದಾನೆ, ಅದಕ್ಕೆ ನನಗೆ ಇಷ್ಟು ಸಿಟ್ಟು. ಕಮಿಟಿಯವರು ಇಲ್ಲಿದ್ರೆ ಕೇಳ್ಕೋತೀನಿ, ಆ ಬೋರ್ಡು ತೆಗೀರಿ. ನಿಮ್ಮ ಅಭಿಪ್ರಾಯ ಬದಲಾಯಿಸಬೇಡಿ, ಬೋರ್ಡು ತೆಗೀರಿ.

ಭಾಷಣ ಇಲ್ಲಿಗೆ ಮುಗಿದಿತ್ತು, ಆಮೇಲೆ ಪ್ರಶ್ನೆಗಳು. ಒಬ್ಬರು ಎದ್ದು, ಮಿರ್ಜಾ ಗುಲಾಂ ಅಹ್ಮದರ ಅನುಯಾಯಿಗಳಾದ ಅಹ್ಮದೀಯರ ಬಗ್ಗೆ ಯಾಕೆ ಮಾತಾಡಲಿಲ್ಲ ಅಂದ್ರು. ಕೇಳಿದ್ದು ಸರಿ. ಮುಹಮ್ಮದರು ಕೊನೇ ಪ್ರವಾದಿ ಅನ್ನೋ ನಂಬಿಕೆ ವಿಷಯದಲ್ಲಿ ನಾನು ಅವರ ಮಾತು ಒಪ್ಪಲ್ಲ, ಅಮ್ಮಾನ್‌ನ ಎಂಟರಲ್ಲಿ ಅವರಿಲ್ಲ. ಆದ್ರೆ 2010ರ ಮೇ 28, ಶುಕ್ರವಾರ, ಲಾಹೋರ್‌ನಲ್ಲಿ ಅವರ ಎರಡು ಪ್ರಾರ್ಥನಾಲಯಕ್ಕೆ ನುಗ್ಗಿ 80ಕ್ಕೂ ಹೆಚ್ಚು ಜನರನ್ನ ಕೊಂದ್ರಲ್ಲಾ, ಅದನ್ನ ನನ್ನ ಯಾವ ಅಕೀದಾನೂ, ಯಾವ ನಂಬಿಕೆನೂ ಸರಿ ಅನ್ನಲ್ಲ, ಅನ್ನಿಸೋಕೂ ಬಿಡಲ್ಲ ಅಂತ ಹೇಳಿದೆ.

ಭಟ್ಕಳದಿಂದ ಬಂದು ಇಲ್ಲಿ ಇಂಜಿನಿಯರಿಂಗ್ ಓದ್ತಿರೋ ಒಬ್ಬ ಹುಡುಗ ಎದ್ದ. ಸರ್, ನಾವು ಶಾಫಿಗಳು, ಬೆಳಗಿನ ಫಜರ್ ನಮಾಜಿನಲ್ಲಿ ಕುನೂತ್ ಅನ್ನೋ ಪ್ರಾರ್ಥನೆ ಓದ್ತೀವಿ, ಇಲ್ಲಿ ಹನಫಿ ಇಮಾಮರು ಓದಲ್ಲ, ನಾನು ಅವರ ಹಿಂದೆ ನಿಂತಾಗ ಏನು ಮಾಡಲಿ ಅಂದ. ಫಿಕ್ಹ್ ಉತ್ತರ ನಿಮ್ಮ ಉಸ್ತಾದರ ಹತ್ತಿರ ಕೇಳಪ್ಪ, ನಾನು ಬ್ಯಾಂಕಿನವನು ಅಂದೆ, ಆದ್ರೆ ಒಂದು ಕಥೆ ಹೇಳ್ತೀನಿ. ಇಮಾಮ್ ಶಾಫಿ ಹುಟ್ಟಿದ್ದು 767, ಅಬೂ ಹನೀಫಾ ತೀರ್ಕೊಂಡ ವರ್ಷಾನೇ. ಮುಂದೆ ಬಗ್ದಾದಿಗೆ ಬಂದಾಗ ಅಬೂ ಹನೀಫಾ ಅವರ ಗೋರಿಯ ಹತ್ತಿರ ಫಜರ್ ಮಾಡಿದ್ರಂತೆ, ಆವತ್ತು ತಾವೇ ಓದಬೇಕು ಅಂತ ಹೇಳಿದ್ದ ಕುನೂತ್ ಬಿಟ್ರಂತೆ. ಯಾಕೆ ಅಂತ ಕೇಳಿದ್ದಕ್ಕೆ, ಈ ಗೋರಿಯಲ್ಲಿ ಮಲಗಿರೋರಿಗೆ ಮರ್ಯಾದೆ ಅಂದ್ರಂತೆ. ಸೇತುವೆಯ ಈಚೆ ದಡ ಅಂದ್ನಲ್ಲ, ಆ ಆಜಮಿಯಾ, ಅಲ್ಲೇ.

ಆ ಹೊತ್ತಿಗೆ ನಾಲ್ಕು ಗಂಟೆ ಆಗಿತ್ತು. ಶಾಫಿ ಲೆಕ್ಕದಲ್ಲಿ ವಸ್ತುವಿನ ನೆರಳು ಅದರಷ್ಟೇ ಉದ್ದ ಆದ್ರೆ ಅಸರ್ ಹೊತ್ತು, ಹನಫಿ ಲೆಕ್ಕದಲ್ಲಿ ಎರಡರಷ್ಟು ಆಗಬೇಕು, ಅಲ್ಲಿಗೆ ಮುಕ್ಕಾಲು ಗಂಟೆಗೂ ಹೆಚ್ಚು ವ್ಯತ್ಯಾಸ. ಭಟ್ಕಳದ ಹುಡುಗರು ಐದಾರು ಜನ ಇದ್ರು, ಅವರ ಅಸರ್ ಆಗಲೇ ಶುರುವಾಗಿತ್ತು, ಹಾಲ್‌ನ ಮೂಲೇಲಿ ಜಾಗ ಮಾಡಿಕೊಡ್ತೀವಿ, ಮಾಡ್ಕೊಳ್ಳಿ ಅಂತ ಕಾಲೇಜಿನವರು ಹೇಳಿದ್ರು. ಹುಡುಗರು ಅವರವರಲ್ಲೇ ನವಾಯತಿಯಲ್ಲಿ ಏನೋ ಮಾತಾಡ್ಕೊಂಡು, ಬೇಡ ಸರ್, ನಮಗೆ ಇನ್ನೂ ಟೈಮ್ ಇದೆ, ನಿಮ್ಮ ಜೊತೇನೇ ಮಾಡ್ತೀವಿ ಅಂದ್ರು. ಕುರ್ಚಿ ಮಡಚಿ ಗೋಡೆಗೆ ಜೋಡಿಸೋ ಕೆಲಸ ಇತ್ತು, ಎಲ್ಲರೂ ಸೇರಿ ಅದನ್ನ ಮಾಡ್ತಾ ಅಜಾನ್‌ಗೆ ಕಾದ್ವಿ.